ಟ್ರೈಲರ್ ಕೊಳ್ಳುವ ಮೊದಲು ಟ್ರಕ್ಕಿನ ಬಾಗಿಲು ತೆಗೆದು ನೋಡಿ

ಈ ಪಿಕಪ್ 11,000 ಪೌಂಡ್ ಎಳೆಯುತ್ತದೆ ಅಂತ ಜಾಹೀರಾತಿನಲ್ಲಿ ಇರುತ್ತದೆ. ನಿಮಗೆ ಇಷ್ಟವಾದ ಟ್ರಾವೆಲ್ ಟ್ರೈಲರ್, ಅಂದರೆ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ, ಅದರ ತೂಕ 6,000 ಪೌಂಡ್. ಹನ್ನೊಂದರಲ್ಲಿ ಆರು ಹೋದರೆ ಇನ್ನೂ ಐದು ಸಾವಿರ ಉಳಿಯಿತು, ಧಾರಾಳವಾಯಿತು ಅನ್ನಿಸುತ್ತದೆ ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಟ್ರೈಲರ್ ಮಾರಿದವರೂ "ನಿಮ್ಮ ಟ್ರಕ್ಕಿಗೆ ಇದು ಯಾವ ಲೆಕ್ಕ" ಅಂದಿದ್ದರು. ಮೊದಲ ಸಲ ಹೆಂಡತಿ, ಇಬ್ಬರು ಮಕ್ಕಳು, ಸಾಮಾನು ಎಲ್ಲ ತುಂಬಿಕೊಂಡು ಹೊರಟಾಗ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು, ಸ್ಟೀರಿಂಗ್ ಕೈಯಲ್ಲಿ ತೇಲಿದ ಹಾಗೆ ಹಗುರಾಗಿತ್ತು, ಪಕ್ಕದಲ್ಲಿ ಒಂದು ದೊಡ್ಡ ಲಾರಿ ಹಾದುಹೋದರೆ ಸಾಕು ಹಿಂದಿನ ಟ್ರೈಲರ್ ಆ ಕಡೆ ಈ ಕಡೆ ತೂಗಾಡುತ್ತಿತ್ತು. ಮರುದಿನ ತೂಗಿಸಿ ನೋಡಿದೆ. ಎಳೆಯುವ ತೂಕ ಮಿತಿಯ ಒಳಗೇ ಇತ್ತು. ಟ್ರಕ್ಕು ಹೊತ್ತಿದ್ದ ತೂಕ ಮಾತ್ರ 400 ಪೌಂಡ್ ಜಾಸ್ತಿ ಇತ್ತು.

ಎಳೆಯುವುದು ಬೇರೆ, ಹೊರುವುದು ಬೇರೆ. ಈ ಬರಹ ಇರುವುದೇ ಆ ಒಂದು ಮಾತಿಗಾಗಿ. ಅರ್ಧ ಟನ್ ವರ್ಗದ ಪಿಕಪ್‌ಗಳಲ್ಲಿ, ಅಂದರೆ 1500 ಅಥವಾ 150 ಅಂತ ಹೆಸರಿರುವ ಗಾಡಿಗಳಲ್ಲಿ, ಎಳೆಯುವ ಶಕ್ತಿ ಮುಗಿಯುವುದಕ್ಕಿಂತ ಎಷ್ಟೋ ಮೊದಲೇ ಹೊರುವ ಶಕ್ತಿ ಮುಗಿದುಹೋಗುತ್ತದೆ. ಹೊರುವ ಶಕ್ತಿಗೆ ಪೇಲೋಡ್ ಅನ್ನುತ್ತಾರೆ. ಅದರಿಂದ ಲೆಕ್ಕ ಶುರು ಮಾಡಿದರೆ ಮಾತ್ರ ಟ್ರೈಲರ್ ಎಷ್ಟು ದೊಡ್ಡದಿರಬೇಕು ಅನ್ನುವುದು ಸರಿಯಾಗಿ ಸಿಗುತ್ತದೆ.

ಮೊದಲು ಮಾಡಬೇಕಾದ್ದು ಇಷ್ಟು. ಡ್ರೈವರ್ ಕಡೆಯ ಬಾಗಿಲು ತೆಗೆಯಿರಿ. ಬಾಗಿಲ ಚೌಕಟ್ಟಿನ ಮೇಲೆ ಟೈರುಗಳ ಗಾಳಿಯ ಒತ್ತಡ ಬರೆದಿರುವ, ಹಳದಿ ಬಣ್ಣ ಇರುವ ಒಂದು ಸ್ಟಿಕ್ಕರ್ ಇದೆ. ಒಳಗೆ ಕೂರುವವರು ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಅಥವಾ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಇರುತ್ತದೆ. ಅದೇ ನಿಮ್ಮ ಪೇಲೋಡ್. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅದರ ಪಕ್ಕದಲ್ಲೇ ಇರುವ ಇನ್ನೊಂದು ಸ್ಟಿಕ್ಕರ್‌ನ ಫೋಟೋವೂ ಬೇಕು. ಟ್ರಕ್ಕು ತುಂಬಿದ ಮೇಲೆ ಒಟ್ಟು ಎಷ್ಟು ತೂಗಬಹುದು ಅನ್ನುವ ಜಿವಿಡಬ್ಲ್ಯೂಆರ್ ಅಂಕಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು, ಅಂದರೆ ಚಕ್ರಗಳ ಅಚ್ಚುಗಳು, ತಲಾ ಎಷ್ಟು ಹೊರಬಹುದು ಅನ್ನುವ ಜಿಎಡಬ್ಲ್ಯೂಆರ್ ಅಂಕಿಗಳು ಅದರಲ್ಲಿರುತ್ತವೆ.

ಬ್ರೋಷರ್‌ನಲ್ಲಿರುವ ಪೇಲೋಡ್ ನಂಬಬೇಡಿ. ಅದು ಸಾಮಾನ್ಯವಾಗಿ ಏನೂ ಸೌಕರ್ಯವಿಲ್ಲದ, ಎರಡು ಬಾಗಿಲಿನ, ಅತಿ ಹಗುರವಾದ ಮಾಡೆಲ್‌ನ ಅಂಕಿ. ಬಾಗಿಲ ಸ್ಟಿಕ್ಕರ್ ಫ್ಯಾಕ್ಟರಿಯಿಂದ ಹೊರಬಂದ ನಿಮ್ಮ ಗಾಡಿಯದೇ. ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಗಾಜಿನ ಚಾವಣಿ, ಬಿಸಿಯಾಗುವ ಸೀಟು, ಇವೆಲ್ಲ ತೂಕವೇ ಅಲ್ಲವೇ? ಅದಕ್ಕೇ ಒಂದೇ ಹೆಸರಿನ ಎರಡು ಟ್ರಕ್‌ಗಳ ಮಧ್ಯೆ ನೂರಾರು ಪೌಂಡ್ ವ್ಯತ್ಯಾಸ ಬರುತ್ತದೆ, ಮತ್ತು ಎಷ್ಟೋ ಸಲ ದುಬಾರಿ ಮಾಡೆಲ್ಲೇ ಕಡಿಮೆ ಹೊರುತ್ತದೆ. ಕೊಂಡ ಮೇಲೆ ನೀವು ಹಾಕಿಸಿದ ಬೆಡ್ ಕವರ್ (ಬೆಡ್ ಅಂದರೆ ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ), ಮೆಟ್ಟಿಲು, ದಪ್ಪ ಟೈರುಗಳ ತೂಕವನ್ನೂ ಆ ಅಂಕಿಯಿಂದ ಕಳೆಯಬೇಕು.

ಇನ್ನು ಟ್ರೈಲರ್ ಟ್ರಕ್ಕಿನ ಮೇಲೆ ಎಷ್ಟು ಕೂರುತ್ತದೆ ನೋಡೋಣ. ಟ್ರೈಲರ್‌ನ ಮುಂದಿನ ಮೂತಿ ಹಿಚ್ ಬಾಲ್ ಮೇಲೆ, ಅಂದರೆ ಟ್ರಕ್ಕಿನ ಹಿಂದೆ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಗುಂಡಿನ ಮೇಲೆ, ಒತ್ತುವ ತೂಕಕ್ಕೆ ಟಂಗ್ ವೆಯ್ಟ್ ಅಂತ ಹೆಸರು. ಟ್ರಾವೆಲ್ ಟ್ರೈಲರ್‌ನಲ್ಲಿ ಇದು ತುಂಬಿದ ಟ್ರೈಲರ್‌ನ ಒಟ್ಟು ತೂಕದ ನೂರಕ್ಕೆ 10ರಿಂದ 15 ಭಾಗ ಇರಬೇಕು. ಎತ್ತಿನ ಗಾಡಿಗೆ ಹೇರು ಹಾಕುವವರಿಗೆ ಇದು ಹೊಸದಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಜಾಸ್ತಿಯಾದರೆ ಎತ್ತುಗಳ ಹೆಗಲು ಜಗ್ಗುತ್ತದೆ. ಇಲ್ಲೂ ಅದೇ. ಟಂಗ್ ವೆಯ್ಟ್ ನೂರಕ್ಕೆ 10ಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲದ ಹಾಗೆ ಅಲ್ಲಾಡಲು ಶುರುವಾಗುತ್ತದೆ. ಅದಕ್ಕೆ ಸ್ವೇ ಅನ್ನುತ್ತಾರೆ, ಅದು ಕೈಮೀರಿದರೆ ಟ್ರಕ್ಕನ್ನೂ ಎಳೆದುಕೊಂಡು ಉರುಳುತ್ತದೆ. ಆದ್ದರಿಂದ ಪೇಲೋಡ್ ಉಳಿಸಲು ಸಾಮಾನನ್ನೆಲ್ಲ ಟ್ರೈಲರ್ ಹಿಂದಕ್ಕೆ ತಳ್ಳುವ ಉಪಾಯ ಖಂಡಿತ ಬೇಡ. ಮುಂಭಾರ ಬೇಕೇ ಬೇಕು, ಅದನ್ನು ಹೊರುವ ಟ್ರಕ್ಕೂ ಬೇಕು.

ಲೆಕ್ಕ ಹಾಕುವಾಗ ನಾನು ನೂರಕ್ಕೆ 13 ಹಿಡಿಯುತ್ತೇನೆ. ಮಾರಾಟದವರು ಹೆಚ್ಚಾಗಿ 10 ಹಿಡಿಯುತ್ತಾರೆ. ಆದರೆ ಟ್ರಾವೆಲ್ ಟ್ರೈಲರ್‌ಗಳಲ್ಲಿ ಎರಡು ಪ್ರೊಪೇನ್ ಸಿಲಿಂಡರ್, ಬ್ಯಾಟರಿ, ಮುಂದಿನ ಸಾಮಾನು ಗೂಡು ಎಲ್ಲ ಮೂತಿಯ ಹತ್ತಿರವೇ ಇರುವುದರಿಂದ ತುಂಬಿದ ಮೇಲೆ 12ರಿಂದ 14ರಲ್ಲಿ ನಿಲ್ಲುವುದೇ ಹೆಚ್ಚು.

ಒಂದು ಉದಾಹರಣೆ ಮಾಡೋಣ. ನಿಮ್ಮ ಬಾಗಿಲಿನಲ್ಲಿ 1,540 ಪೌಂಡ್ ಅಂತ ಇದೆ ಅಂದುಕೊಳ್ಳಿ, ಅರ್ಧ ಟನ್ ಟ್ರಕ್ಕಿಗೆ ಇದು ಮಾಮೂಲಿ ಅಂಕಿ. ಡ್ರೈವರ್ ಸೇರಿ ನಾಲ್ಕು ಜನ 620 ಪೌಂಡ್. ಹಿಂದಿನ ಬೆಡ್‌ನಲ್ಲಿ ಜನರೇಟರ್, ಕುರ್ಚಿ, ಟೂಲ್ ಪೆಟ್ಟಿಗೆ, ಸೌದೆ ಎಲ್ಲ 200. ತೂಕ ಹಂಚುವ ಹಿಚ್, ಅದರ ಬಗ್ಗೆ ಮುಂದೆ ಹೇಳುತ್ತೇನೆ, ಅದೇ ಸುಮಾರು 80 ಪೌಂಡ್ ತೂಗುತ್ತದೆ. ಈ ಮೂರೂ ಸೇರಿ 900 ಆಯಿತು. 1,540ರಲ್ಲಿ 900 ಕಳೆದರೆ 640. ಟಂಗ್ ವೆಯ್ಟ್‌ಗೆ ಉಳಿದಿರುವುದು ಅಷ್ಟೇ. 640ನ್ನು 0.13ರಿಂದ ಭಾಗಿಸಿ. ಸುಮಾರು 4,900 ಪೌಂಡ್ ಬರುತ್ತದೆ.

ಜಾಹೀರಾತಿನಲ್ಲಿ 11,000. ನಿಮ್ಮ ಕುಟುಂಬಕ್ಕೆ 4,900, ಅದೂ ಸಾಮಾನೆಲ್ಲ ತುಂಬಿದ ಟ್ರೈಲರ್. ಜಾಹೀರಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆ ಅಂಕಿ ಎಸ್‌ಎಇ ಜೆ2807 ಅನ್ನುವ, ವಾಹನ ಎಂಜಿನಿಯರುಗಳ ಸಂಘದ ಪರೀಕ್ಷೆಯ ಪ್ರಕಾರ ಬರುತ್ತದೆ. ಮೊದಲೆಲ್ಲ ಕಂಪನಿಗಳು ತಮಗೆ ತೋಚಿದ ಹಾಗೆ ಅಂಕಿ ಬರೆದುಕೊಳ್ಳುತ್ತಿದ್ದವು. ಟೊಯೊಟಾ ತನ್ನ 2011ರ ಮಾಡೆಲ್‌ಗಳಿಗೆ ಈ ಪರೀಕ್ಷೆ ಮೊದಲು ಒಪ್ಪಿಕೊಂಡಿತು, ದೊಡ್ಡ ಪಿಕಪ್ ಮಾಡುವ ಉಳಿದ ಕಂಪನಿಗಳು 2015ರ ಹೊತ್ತಿಗೆ ಬಂದವು. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿ ಉದ್ದದ ಏರು ಇದೆ, ಉರಿಬಿಸಿಲಲ್ಲಿ ಎಸಿ ಪೂರ್ತಿ ಹಾಕಿಕೊಂಡು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಅದನ್ನು ಹತ್ತಬೇಕು ಅನ್ನುವುದು ಆ ಪರೀಕ್ಷೆಯ ಒಂದು ಭಾಗ. ಒಳ್ಳೆಯ ಪರೀಕ್ಷೆಯೇ. ಆದರೆ ಅದರಲ್ಲಿ ಟ್ರಕ್ಕಿನೊಳಗೆ ಇರುವುದು ತಲಾ 150 ಪೌಂಡಿನ ಇಬ್ಬರು, ಟಂಗ್ ವೆಯ್ಟ್ ನೂರಕ್ಕೆ 10. ಮಕ್ಕಳಿಲ್ಲ, ನಾಯಿಯಿಲ್ಲ, ಬೆಡ್‌ನಲ್ಲಿ ಸೌದೆಯಿಲ್ಲ. ನೀವು ಟ್ರಕ್ಕಿಗೆ ಹಾಕುವ ಒಂದೊಂದು ಪೌಂಡಿಗೂ ಎಳೆಯಬಹುದಾದ ಟ್ರೈಲರ್ ಏಳೆಂಟು ಪೌಂಡ್ ಕಿರಿದಾಗುತ್ತದೆ, ಮೇಲಿನ ಭಾಗಾಕಾರ ನೋಡಿದರೆ ಗೊತ್ತಾಗುತ್ತದೆ.

ಟ್ರೈಲರ್ ಕಡೆಯಲ್ಲೂ ಇಂಥದೇ ಒಂದು ಮೋಸಹೋಗುವ ಜಾಗ ಇದೆ. ಬ್ರೋಷರ್‌ನಲ್ಲಿ ದೊಡ್ಡದಾಗಿ ಇರುವುದು ಡ್ರೈ ವೆಯ್ಟ್, ಖಾಲಿ ಟ್ರೈಲರ್ ತೂಕ. ನೀರಿಲ್ಲ, ಪಾತ್ರೆಯಿಲ್ಲ, ಹಾಸಿಗೆ ಬಟ್ಟೆಯಿಲ್ಲ, ಎಷ್ಟೋ ಸಲ ಬ್ಯಾಟರಿಯೂ ಇಲ್ಲ. ಹಾಗೆ ಖಾಲಿ ಟ್ರೈಲರ್ ಎಳೆದುಕೊಂಡು ಯಾರಾದರೂ ಕ್ಯಾಂಪಿಂಗ್ ಹೋಗುತ್ತಾರಾ? ನೀರು ಗ್ಯಾಲನ್‌ಗೆ 8.3 ಪೌಂಡ್ ತೂಗುತ್ತದೆ, 40 ಗ್ಯಾಲನ್ ಟ್ಯಾಂಕ್ ತುಂಬಿದರೆ 330 ಪೌಂಡ್ ದಾಟಿತು. 20 ಪೌಂಡಿನದು ಅನ್ನುವ ಪ್ರೊಪೇನ್ ಸಿಲಿಂಡರ್ ತುಂಬಿದಾಗ ಕಬ್ಬಿಣವೂ ಸೇರಿ 37 ಪೌಂಡ್ ಆಸುಪಾಸು, ಅಂಥವು ಎರಡು. ಬ್ಯಾಟರಿ 50. ಆಮೇಲೆ ಬಟ್ಟೆ, ಊಟದ ಸಾಮಾನು, ಹೋಸ್ ಪೈಪು, ಸೈಕಲ್ಲು. ನಾಲ್ಕು ಜನರ ಸಂಸಾರಕ್ಕೆ ಡ್ರೈ ವೆಯ್ಟ್ ಮೇಲೆ ಕಣ್ಣುಮುಚ್ಚಿ 1,000 ಪೌಂಡ್ ಸೇರಿಸಿ ಅಂತ ನಾನು ಹೇಳುತ್ತೇನೆ. ಇನ್ನೂ ಭದ್ರವಾಗಿರಬೇಕು ಅಂದರೆ ಟ್ರೈಲರ್‌ನ ಜಿವಿಡಬ್ಲ್ಯೂಆರ್ ಅಂಕಿಯನ್ನೇ ಹಿಡಿಯಿರಿ, ಅಂದರೆ ಅದು ತುಂಬಿದಾಗ ಮುಟ್ಟಬಹುದಾದ ಗರಿಷ್ಠ ತೂಕ. ಆ ಸ್ಟಿಕ್ಕರ್ ಟ್ರೈಲರ್‌ನ ಹೊರಗೆ, ಎಡಗಡೆ ಗೋಡೆಯ ಮುಂಭಾಗದಲ್ಲಿ ಇರುತ್ತದೆ. ಬ್ರೋಷರ್‌ನಲ್ಲಿ ಹಿಚ್ ವೆಯ್ಟ್ ಅಂತ ಇನ್ನೊಂದು ಅಂಕಿ ಕೊಟ್ಟಿರುತ್ತಾರಲ್ಲ, ಅದೂ ಖಾಲಿ ಟ್ರೈಲರ್‌ನದೇ, ಅದನ್ನು ಪಕ್ಕಕ್ಕಿಡಿ.

ಹಾಗಾದರೆ ಮೇಲಿನ ಟ್ರಕ್ಕಿಗೆ ಡ್ರೈ ವೆಯ್ಟ್ 3,900 ಪೌಂಡ್ ಒಳಗಿನ ಟ್ರೈಲರ್ ನೋಡಬೇಕು. ಬೇಸರವಾಗುತ್ತದೆ, ನನಗೆ ಗೊತ್ತು. ಕಣ್ಣಿಟ್ಟ ಟ್ರೈಲರ್‌ನಲ್ಲಿ ಮಕ್ಕಳಿಗೆ ಬೇರೆ ಮಲಗುವ ಬಂಕ್ ಇರುತ್ತದೆ, ಇದರಲ್ಲಿ ಇರುವುದಿಲ್ಲ. ಆದರೂ ಈ ಬೇಸರ ಕೊಳ್ಳುವ ಮೊದಲೇ ಆಗಿಬಿಡಲಿ.

ಪೇಲೋಡ್ ದಾಟಿದ ಮೇಲೆ ಉಳಿದ ಮಿತಿಗಳನ್ನೂ ಒಂದು ಸಲ ನೋಡಬೇಕು. ಹಿಂದಿನ ಆಕ್ಸಲ್ ಮಿತಿ ಹೇಳಿದೆ. ಟ್ರಕ್ಕು, ಟ್ರೈಲರ್, ಜನ, ಸಾಮಾನು ಎಲ್ಲ ಸೇರಿ ಮೀರಬಾರದ ತೂಕಕ್ಕೆ ಜಿಸಿಡಬ್ಲ್ಯೂಆರ್ ಅಂತಾರೆ, ಅದು ಎಂಜಿನ್ ಮತ್ತು ಆಕ್ಸಲ್ ರೇಶಿಯೋ, ಅಂದರೆ ಹಿಂದಿನ ಆಕ್ಸಲ್ ಒಳಗಿನ ಗೇರಿನ ಅನುಪಾತ, ನೋಡಿಕೊಂಡು ಬದಲಾಗುತ್ತದೆ. ಒಂದೇ ಎಂಜಿನ್‌ಗೆ 3.55 ಗೇರ್ ಇದ್ದರೆ ಒಂದು ಅಂಕಿ, 3.92 ಇದ್ದರೆ ಅದಕ್ಕಿಂತ ದೊಡ್ಡದು. ನಿಮ್ಮದು ಯಾವುದು ಅಂತ ಗೊತ್ತಿಲ್ಲದೆ ಎಳೆಯುವ ತೂಕದ ಪಟ್ಟಿ ಓದುವುದು ವ್ಯರ್ಥ. ಇದರ ಜೊತೆ ಟ್ರಕ್ಕಿನ ಹಿಂದಿನ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ), ಬಾಲ್ ಮೌಂಟ್ (ಬಾಲ್ ಕೂರುವ ತೋಳು), ಬಾಲ್, ಪ್ರತಿಯೊಂದಕ್ಕೂ ಅದರದೇ ಅಂಕಿ ಕೊರೆದಿರುತ್ತದೆ ಅಥವಾ ಅಂಟಿಸಿರುತ್ತದೆ. ಎಲ್ಲಕ್ಕಿಂತ ಚಿಕ್ಕ ಅಂಕಿ ಯಾವುದೋ ಅದೇ ನಿಮ್ಮ ಮಿತಿ. ರಿಸೀವರ್ ಸ್ಟಿಕ್ಕರ್ ಗಮನವಿಟ್ಟು ಓದಿ, ಅದರಲ್ಲಿ ಎರಡು ಸಾಲು ಇರುತ್ತವೆ. ಬರೀ ಬಾಲ್ ಹಾಕಿದರೆ ಬಹಳಷ್ಟು ಅರ್ಧ ಟನ್ ಟ್ರಕ್‌ಗಳಲ್ಲಿ 5,000 ಪೌಂಡ್ ಟ್ರೈಲರ್, 500 ಪೌಂಡ್ ಟಂಗ್ ವೆಯ್ಟ್, ಅಷ್ಟೇ. ಅದಕ್ಕಿಂತ ಮೇಲೆ ಹೋಗಬೇಕಾದರೆ ತೂಕ ಹಂಚುವ ಹಿಚ್ ಕಡ್ಡಾಯ.

ಆ ಹಿಚ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ. ಟ್ರೈಲರ್ ಮೂತಿ ಟ್ರಕ್ಕಿನ ಬಾಲದ ತುದಿಯಲ್ಲಿ ಕೂತಾಗ ಹಿಂದಿನ ಆಕ್ಸಲ್ ಸನ್ನೆಕೋಲಿನ ಆಧಾರದ ಹಾಗಾಗಿ ಮುಂದಿನ ಚಕ್ರಗಳು ಮೇಲಕ್ಕೆ ಎತ್ತಿದಂತಾಗುತ್ತವೆ. ಸ್ಟೀರಿಂಗ್ ಹಗುರಾಗುವುದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದು ಅದಕ್ಕೇ. ಈ ಹಿಚ್‌ನಲ್ಲಿ ಎರಡು ಸ್ಪ್ರಿಂಗ್ ಬಾರ್ ಇರುತ್ತವೆ. ಅವನ್ನು ಬಿಗಿಯಾಗಿ ಕೂರಿಸಿದರೆ ಸ್ವಲ್ಪ ತೂಕ ಟ್ರಕ್ಕಿನ ಮುಂದಿನ ಆಕ್ಸಲ್‌ಗೆ ವಾಪಸ್ ಹೋಗುತ್ತದೆ, ಇನ್ನೂ ಸ್ವಲ್ಪ ಟ್ರೈಲರ್ ಆಕ್ಸಲ್‌ಗೆ ಹೋಗುತ್ತದೆ. ಹೊಂದಿಸುವುದು ಹೀಗೆ. ಟ್ರೈಲರ್ ಸಿಕ್ಕಿಸುವ ಮೊದಲು ಮುಂದಿನ ಚಕ್ರದ ಮೇಲಿನ ಕಮಾನಿನಿಂದ ನೆಲಕ್ಕೆ ಟೇಪ್ ಹಿಡಿದು ಅಳೆಯಿರಿ. ಬಾರ್ ಹಾಕದೆ ಟ್ರೈಲರ್ ಸಿಕ್ಕಿಸಿ ಮತ್ತೆ ಅಳೆಯಿರಿ, ಒಂದೆರಡು ಇಂಚು ಮೇಲೆದ್ದಿರುತ್ತದೆ. ಬಾರ್ ಹಾಕಿ ಮೂರನೇ ಸಲ ಅಳೆಯಿರಿ. ಎದ್ದ ಎತ್ತರದಲ್ಲಿ ಕನಿಷ್ಠ ಅರ್ಧದಷ್ಟು ಇಳಿದಿರಬೇಕು, ನಿಖರವಾಗಿ ಎಷ್ಟು ಅನ್ನುವುದನ್ನು ನಿಮ್ಮ ಟ್ರಕ್ಕಿನ ಮ್ಯಾನ್ಯುಯಲ್ ಹೇಳುತ್ತದೆ. ಮೊದಲಿದ್ದ ಎತ್ತರಕ್ಕಿಂತ ಕೆಳಗೆ ಒತ್ತಬೇಡಿ, ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ.

ಈ ಹಿಚ್ ಹಾಕಿದರೆ ಪೇಲೋಡ್ ಹೆಚ್ಚಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇಲ್ಲ. ನಿಮ್ಮ ಸ್ಟಿಕ್ಕರ್ ಬದಲಾಗುವುದಿಲ್ಲ. ಸ್ವಲ್ಪ ತೂಕ ಟ್ರೈಲರ್ ಆಕ್ಸಲ್‌ಗೆ ಜಾರುವುದು ನಿಜ, ಆದರೆ ಅದನ್ನು ನಂಬಿಕೊಂಡು ದೊಡ್ಡ ಟ್ರೈಲರ್ ಕೊಳ್ಳಬೇಡಿ. ಗಾಳಿ ತುಂಬುವ ಏರ್‌ಬ್ಯಾಗ್‌ಗಳನ್ನು ಹಿಂದಿನ ಸ್ಪ್ರಿಂಗ್‌ಗೆ ಹಾಕಿಸುವವರಿಗೂ ಇದೇ ಮಾತು. ಟ್ರಕ್ಕು ನೋಡಲು ಸಮವಾಗಿ ನಿಲ್ಲುತ್ತದೆ, ಆಕ್ಸಲ್ ಮೇಲಿನ ಭಾರ ಹಾಗೇ ಇರುತ್ತದೆ.

ಬ್ರೇಕ್ ವಿಷಯ. 3,000 ಪೌಂಡ್ ಮೇಲಿನ ಟ್ರೈಲರ್‌ಗೆ ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಅದರದೇ ಬ್ರೇಕ್ ಇರಲೇಬೇಕು. ಟ್ರಾವೆಲ್ ಟ್ರೈಲರ್‌ಗಳಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ, ಅದನ್ನು ನಡೆಸಲು ಟ್ರಕ್ಕಿನಲ್ಲಿ ಬ್ರೇಕ್ ಕಂಟ್ರೋಲರ್ ಮತ್ತು ಏಳು ಪಿನ್ನಿನ ಕನೆಕ್ಟರ್ ಬೇಕು. ಸಮತಟ್ಟಾದ ಖಾಲಿ ಜಾಗದಲ್ಲಿ 20–25 ಮೈಲಿ ವೇಗದಲ್ಲಿ ಹೋಗುತ್ತಾ ಕಂಟ್ರೋಲರ್ ಮೇಲಿನ ಕೈಗುಂಡಿ ಒತ್ತಿ ನೋಡಿ, ಟ್ರೈಲರ್ ಚಕ್ರಗಳು ಲಾಕ್ ಆಗುವುದಕ್ಕೆ ಸ್ವಲ್ಪ ಮೊದಲಿನ ಮಟ್ಟಕ್ಕೆ ಬ್ರೇಕಿನ ಬಿಗಿಯನ್ನು ಹೊಂದಿಸಿಟ್ಟುಕೊಳ್ಳಿ. ಆ ಗುಂಡಿ ಎಲ್ಲಿದೆ ಅಂತ ಕಣ್ಣಿಲ್ಲದೆ ಕೈಗೆ ಗೊತ್ತಿರಬೇಕು. ಯಾಕೆಂದರೆ ಟ್ರೈಲರ್ ತೂಗಾಡಲು ಶುರುವಾದರೆ ಟ್ರಕ್ಕಿನ ಬ್ರೇಕ್ ಪೆಡಲ್ ತುಳಿಯಬಾರದು, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಟ್ರೈಲರ್ ಬ್ರೇಕ್ ಒಂದನ್ನೇ ಆ ಗುಂಡಿಯಿಂದ ಮೆಲ್ಲಗೆ ಹಾಕಬೇಕು. ಹಿಂದಿನಿಂದ ಎಳೆದು ಹಿಡಿದರೆ ಜೋಡಿ ನೇರವಾಗುತ್ತದೆ.

ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಟ್ರಾವೆಲ್ ಟ್ರೈಲರ್ ಎಂಟು ಅಡಿ ಅಗಲದ, ಹತ್ತು ಅಡಿಗೂ ಮೇಲೆ ಎತ್ತರದ ಗೋಡೆ. ಅಷ್ಟೇ ತೂಕದ ದೋಣಿ ಎಳೆದವರ ಅನುಭವ ಇಲ್ಲಿಗೆ ಹೊಂದುವುದಿಲ್ಲ. ಗಾಳಿಯ ತಡೆ ವೇಗದ ವರ್ಗದ ಪ್ರಕಾರ ಏರುತ್ತದೆ, 60ರಲ್ಲಿ ಹೋಗುವವರು 75ಕ್ಕೆ ಏರಿಸಿದರೆ ತಡೆ ಒಂದೂವರೆ ಪಟ್ಟು ದಾಟುತ್ತದೆ. ಸಾಲದ್ದಕ್ಕೆ ಕೆಲವು ಟ್ರೈಲರ್ ಟೈರುಗಳು 65 ಮೈಲಿ ವೇಗಕ್ಕಷ್ಟೇ ಮಾಡಿದವು. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಕೊಲರಾಡೋದ 10,000 ಅಡಿಯ ಘಾಟಿ ಹತ್ತುವ ಯೋಚನೆ ಇದ್ದರೆ ಈಗಲೇ ಮನಸ್ಸಿನಲ್ಲಿರಲಿ. ಇಳಿಯುವಾಗ ಟೋ ಹಾಲ್ ಮೋಡ್, ಅಂದರೆ ಭಾರ ಎಳೆಯುವಾಗ ಹಾಕುವ ಗೇರ್ ವ್ಯವಸ್ಥೆ, ಮತ್ತು ಚಿಕ್ಕ ಗೇರ್.

ಇಷ್ಟೆಲ್ಲ ಲೆಕ್ಕ ಕಾಗದದ ಮೇಲಾಯಿತು. ನಿಜ ಗೊತ್ತಾಗುವುದು ತೂಗಿದಾಗಲೇ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಕಾಣುತ್ತದೆ, ಅದು ಗಾಡಿ ತೂಗುವ ಕಟ್ಟೆ. ದೊಡ್ಡ ಲಾರಿಗಳಿಗೇ ಇರಬೇಕು ಅಂತ ಹಿಂಜರಿಯಬೇಡಿ, ಯಾರು ಬೇಕಾದರೂ ತೂಗಿಸಬಹುದು, ಮತ್ತೆ ಬಂದು ತೂಗಿಸಿದರೆ ದರವೂ ಕಡಿಮೆ. ಜನ, ಸಾಮಾನು, ನೀರು, ಎಲ್ಲ ನಿಜವಾದ ಪ್ರಯಾಣಕ್ಕೆ ತುಂಬಿದ ಹಾಗೇ ತುಂಬಿಕೊಂಡು ಹೋಗಿ. ಮೂರು ಸಲ ತೂಗಬೇಕು. ಬಾರ್ ಬಿಗಿದು ಒಂದು ಸಲ, ಬಾರ್ ಬಿಚ್ಚಿ ಒಂದು ಸಲ, ಟ್ರೈಲರ್ ಬಿಟ್ಟು ಟ್ರಕ್ಕು ಮಾತ್ರ ಒಂದು ಸಲ. ಟ್ರಕ್ಕಿನ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಆಕ್ಸಲ್‌ಗಳು ಬೇರೆ ಬೇರೆ ಹಲಗೆಗಳ ಮೇಲೆ ನಿಲ್ಲಬೇಕು.

ಮೇಲಿನ ಉದಾಹರಣೆಯ ಟ್ರಕ್ಕನ್ನೇ ತೂಗಿದೆವು ಅಂದುಕೊಳ್ಳಿ, ಅದರ ಜಿವಿಡಬ್ಲ್ಯೂಆರ್ 7,050. ಟ್ರಕ್ಕು ಮಾತ್ರ ನಿಂತಾಗ ಮುಂದೆ 3,310, ಹಿಂದೆ 3,100, ಒಟ್ಟು 6,410. ಬಾರ್ ಇಲ್ಲದೆ ಟ್ರೈಲರ್ ಸಿಕ್ಕಿಸಿದಾಗ ಮುಂದೆ 2,990, ಹಿಂದೆ 4,060, ಟ್ರೈಲರ್ ಆಕ್ಸಲ್ ಮೇಲೆ 4,260. ಟ್ರಕ್ಕಿನದು ಈಗ 7,050. ಅದರಲ್ಲಿ 6,410 ಕಳೆದರೆ 640, ಅದೇ ನಿಮ್ಮ ನಿಜವಾದ ಟಂಗ್ ವೆಯ್ಟ್. 4,260ಕ್ಕೆ 640 ಕೂಡಿಸಿದರೆ ಟ್ರೈಲರ್ ಒಟ್ಟು ತೂಕ 4,900, ಅಂದರೆ ನೂರಕ್ಕೆ 13. ಬಾರ್ ಬಿಗಿದಾಗ ಮುಂದೆ 3,200, ಹಿಂದೆ 3,720, ಟ್ರೈಲರ್ 4,390. ಮುಂದಿನ ಆಕ್ಸಲ್ ಕಳೆದುಕೊಂಡಿದ್ದ 320ರಲ್ಲಿ 210 ವಾಪಸ್ ಬಂತು, 130 ಪೌಂಡ್ ಟ್ರೈಲರ್ ಕಡೆ ಹೋಯಿತು. ಈ ಜೋಡಿ ಹೊಂದಿದೆ, ಆದರೆ ತುದಿಯಲ್ಲಿದೆ. ಬಾರ್ ಬಿಟ್ಟರೆ ಮಿತಿ ಮುಟ್ಟಿಬಿಟ್ಟಿದೆ ನೋಡಿ, ಇನ್ನೊಬ್ಬರನ್ನು ಕೂರಿಸಿಕೊಳ್ಳಲು ಜಾಗವಿಲ್ಲ.

ದೊಡ್ಡ ಟ್ರೈಲರ್ರೇ ಬೇಕು ಅಂದರೆ ಮುಕ್ಕಾಲು ಟನ್ ಟ್ರಕ್ಕು ನೋಡಿ, 2500 ಅಥವಾ 250 ಹೆಸರಿನವು. ಅಲ್ಲೂ ಬಾಗಿಲು ತೆಗೆಯದೆ ಕೊಳ್ಳಬೇಡಿ. ಡೀಸೆಲ್ ಎಂಜಿನ್ ಬಲು ಭಾರ, ಅದರ ಮೇಲೆ ಇವುಗಳಲ್ಲಿ ಎಷ್ಟೋ ಟ್ರಕ್‌ಗಳ ಜಿವಿಡಬ್ಲ್ಯೂಆರ್ 10,000ಕ್ಕೇ ನಿಂತಿರುತ್ತದೆ, ಹಾಗಾಗಿ ಎಲ್ಲ ಸೌಕರ್ಯ ಇರುವ ಡೀಸೆಲ್ ಟ್ರಕ್ಕಿನ ಪೇಲೋಡ್ ನೋಡಿ ಆಶ್ಚರ್ಯವಾಗಬಹುದು, ಅದೇ ಟ್ರಕ್ಕಿನ ಪೆಟ್ರೋಲ್ ಮಾಡೆಲ್ ನೂರಾರು ಪೌಂಡ್ ಜಾಸ್ತಿ ಹೊರುತ್ತದೆ. ಬೆಡ್ ಮೇಲೆ ಕೂರುವ ಫಿಫ್ತ್ ವೀಲ್ ಟ್ರೈಲರ್ ಬಯಸುವವರು ಇದನ್ನು ಇನ್ನೂ ಗಟ್ಟಿಯಾಗಿ ಹಿಡಿಯಬೇಕು, ಅದು ತನ್ನ ತೂಕದ ನೂರಕ್ಕೆ 15ರಿಂದ 25ನ್ನು ಟ್ರಕ್ಕಿನ ಮೇಲೆ ಹಾಕುತ್ತದೆ. 10,000 ಪೌಂಡಿನ ಫಿಫ್ತ್ ವೀಲ್‌ಗೆ 2,000 ಪೌಂಡ್ ಹೊರಬೇಕು, ಜನರನ್ನು ಹತ್ತಿಸುವ ಮೊದಲೇ.

ಟ್ರೈಲರ್ ನೋಡಲು ಹೋಗುವ ದಿನ ಟ್ರಕ್ಕಿನ ಸ್ಟಿಕ್ಕರ್ ಫೋಟೋ, ಮನೆಯವರೆಲ್ಲರ ತೂಕ, ಬೆಡ್‌ಗೆ ಹಾಕುವ ಸಾಮಾನಿನ ಅಂದಾಜು, ಒಂದು ಕ್ಯಾಲ್ಕುಲೇಟರ್ ಜೊತೆಗಿರಲಿ. ಟ್ರೈಲರ್ ಒಳಗೆ ಕಾಲಿಡುವ ಮೊದಲು ಅದರ ಎಡಗಡೆಯ ಸ್ಟಿಕ್ಕರ್ ಓದಿ. ಅಂಕಿ ಹೊಂದದಿದ್ದರೆ ಒಳಗೆ ಹೋಗಲೇಬೇಡಿ, ಅಡುಗೆಮನೆ ನೋಡಿದ ಮೇಲೆ ಬೇಡ ಅನ್ನುವುದು ಕಷ್ಟ.